ಬ್ಯಾಟು ಸಿಗದವನ ಚೆಂಡು



ಮುಂಬೈನ ಫೋರ್ಟಿನಲ್ಲಿ ದುಡಿಯುವ ನಮ್ಮವರಿಗೆ ಆಜಾದ್ ಮೈದಾನದ ಕಾಲುದಾರಿ ಚೆನ್ನಾಗಿ ಗೊತ್ತು. ಆ ಮೈದಾನದ ದಕ್ಷಿಣದ ತುದಿಯಲ್ಲಿ ಬಾಂಬೆ ಜಿಮ್ಖಾನಾ ಇದೆ. 1875ರಲ್ಲಿ ಬಿಳಿಯರು ತಮಗಾಗಿ ಮಾತ್ರ ಕಟ್ಟಿಕೊಂಡ ಕ್ಲಬ್ಬು ಅದು. 1906ರ ಫೆಬ್ರವರಿಯಲ್ಲಿ ಅಲ್ಲಿ ಹಿಂದೂಗಳ ತಂಡಕ್ಕೂ ಯುರೋಪಿಯನ್ನರಿಗೂ ಕ್ರಿಕೆಟ್ ಪಂದ್ಯ ನಡೆಯಿತು. ಯುರೋಪಿಯನ್ನರು ಗೆಲ್ಲಲು 212 ರನ್ ಬೇಕಿತ್ತು. ಅವರು 102ಕ್ಕೆ ಆಲೌಟಾದರು. ಎರಡು ಇನ್ನಿಂಗ್ಸ್ ಸೇರಿ ಎಂಟು ವಿಕೆಟ್ ಕಿತ್ತವರು ಎಡಗೈ ಸ್ಪಿನ್ನರ್ ಪಾಲವಣಕರ ಬಾಳೂ.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಅವರದು ಕೊಂಕಣದ ಮೂಲದ ದಲಿತ ಚಮ್ಮಾರ ಕುಟುಂಬ. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಪುಣೆಯಲ್ಲಿ ಬೆಳೆದ ಹುಡುಗ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿದ, ರೋಲರ್ ಎಳೆದ. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಬಿಳಿಯರು ಅಭ್ಯಾಸಕ್ಕೆ ನಿಂತರೆ ಅವರಿಗೆ ಚೆಂಡೆಸೆಯುವುದೂ ಕೆಲಸದ ಪಾಲೇ ಆಗಿತ್ತು. ಕ್ಯಾಪ್ಟನ್ ಗ್ರೆಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ನಿಗೆ ಬಾಳೂ ಗಂಟೆಗಟ್ಟಲೆ, ದಿನಗಟ್ಟಲೆ ಬೌಲ್ ಮಾಡಿದರು. ಅಷ್ಟು ದಿನಗಳಲ್ಲಿ ಒಮ್ಮೆಯೂ ಅವರ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ.

ನನ್ನನ್ನು ಬಿಡದೆ ಕಾಡುವ ಸಂಗತಿ ಇದೇ. ಬ್ಯಾಟು ಒಡೆಯರದು, ಬೌಲಿಂಗು ಆಳಿನದು ಎಂಬ ಕಾಲ ಅದು. ತನಗೆ ಒಪ್ಪಿಸಿದ ಚಾಕರಿಯನ್ನೇ ಬಾಳೂ ವಿದ್ಯೆಯಾಗಿ ಒಲಿಸಿಕೊಂಡರು. ಎಡಗೈ ಸ್ಪಿನ್ ಬೆರಳ ತುದಿಯ ಕಲೆ. ತೋರುಬೆರಳು ಚೆಂಡಿನ ಹೊಲಿಗೆಯನ್ನು ತಿರುವಿ ಬಿಡುತ್ತದೆ. ಚೆಂಡು ಗಾಳಿಯಲ್ಲಿ ತುಸು ತೇಲಿ, ಬಲಗೈ ಬ್ಯಾಟ್ಸ್‌ಮನ್ನನನ್ನು ಮುಂದೆ ಕರೆದು, ನೆಲ ಮುಟ್ಟಿದೊಡನೆ ಅವನಿಂದ ಆಚೆಗೆ ಹೊರಳುತ್ತದೆ. ಬಾಳೂ ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರು. ವೇಗ ಬದಲಿಸುತ್ತ ಇಡೀ ದಿನ ಒಂದೇ ಜಾಗಕ್ಕೆ ಬೀಳಿಸಬಲ್ಲವರು.

ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗು ಬೇಕಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ ನಿಲ್ಲಬೇಕು. ಅವರಿಗೆ ಬೇರೆಯೇ ಮಣ್ಣಿನ ಕುಡಿಕೆ, ಕುಡಿದು ಎಸೆಯುವಂಥದ್ದು.

ಮುಂದೆ ಅವರು ಮುಂಬೈಗೆ ಬಂದರು. ಬಿ.ಬಿ. ಆ್ಯಂಡ್ ಸಿ.ಐ. ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮ್ಖಾನಾದಲ್ಲಿ ಆಟ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಒಟ್ಟು ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ 114. ಆದರೂ ನಾಯಕತ್ವ ಅವರ ಪಾಲಿಗೆ ಬರಲಿಲ್ಲ. 1920ರಲ್ಲಿ ಆ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರು ತಂಡದಿಂದ ಹೊರನಿಂತರು. 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದರು.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಕರಿಯ ಆಟಗಾರ ಜ್ಯಾಕಿ ರಾಬಿನ್ಸನ್ ದೊಡ್ಡ ಲೀಗಿನ ಬಾಗಿಲು ತೆರೆಸಿದ್ದು 1947ರಲ್ಲಿ. ಆ ಹೆಸರನ್ನು ಜಗತ್ತು ಮರೆತಿಲ್ಲ. ಅದಕ್ಕೂ ನಾಲ್ಕು ದಶಕ ಮೊದಲು ನಮ್ಮ ಫೋರ್ಟಿನಲ್ಲಿ ಆಡಿ ಗೆದ್ದ ಧಾರವಾಡದ ಮಗನನ್ನು ನಾವೂ ಅಷ್ಟೇ ಅಭಿಮಾನದಿಂದ ನೆನೆಯಬೇಕು. ಬಾಳೂ ತೀರಿಕೊಂಡದ್ದು 1955ರಲ್ಲಿ.

ಈ ಸಲ ಆಜಾದ್ ಮೈದಾನ ದಾಟುವಾಗ ನೆಟ್ಟಿನ ಬಳಿ ಎರಡು ನಿಮಿಷ ನಿಲ್ಲಿ. ಬ್ಯಾಟು ಹಿಡಿದವನನ್ನು ಎಲ್ಲರೂ ನೋಡುತ್ತಾರೆ. ನೀವು ಈಚೆ ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತ, ಮತ್ತೆ ಮತ್ತೆ ಓಡಿಬಂದು ಚೆಂಡೆಸೆಯುವ ಹುಡುಗನ ಬೆರಳುಗಳನ್ನು ನೋಡಿ.