ಹೊಸ ವಿಂಡೋಸ್, ಹಳೆಯ ಯಂತ್ರ



ಆಸ್ಪತ್ರೆಯೊಂದರ ಸಾವಿರಾರು ಗಣಕಗಳಿಗೆ ಹೊಸ ವಿಂಡೋಸನ್ನು ಜಾಲದ ಮೂಲಕವೇ ಹಂಚಬಹುದು. ನಮ್ಮನ್ನು ತಡೆಯುವುದು ಮೂಲೆಯಲ್ಲಿನ ಸ್ಕ್ಯಾನಿಂಗ್ ಯಂತ್ರ. ಯಂತ್ರವೇನೋ ಗಟ್ಟಿ, ಅದರ ತಂತ್ರಾಂಶ ಮಾತ್ರ ಹಳೆಯ ವಿಂಡೋಸನ್ನೇ ಬೇಡುತ್ತದೆ. "ನಾಳೆ ನೋಡೋಣ" ಎನ್ನುತ್ತೇವೆ.

ಆ ನಾಳೆಯ ಬೆಲೆ 2017ರಲ್ಲಿ ತಿಳಿಯಿತು. ಮಾರ್ಚ್ 14ರಂದೇ ಮೈಕ್ರೋಸಾಫ್ಟ್ ದೋಷಪರಿಹಾರವನ್ನು ನೀಡಿತ್ತು. ಮೇ 12ರಂದು ವಾನಾಕ್ರೈ ಎರಗಿತು. ಇಂಗ್ಲೆಂಡಿನ 236 ಆರೋಗ್ಯ ಟ್ರಸ್ಟ್‌ಗಳಲ್ಲಿ ಕನಿಷ್ಠ 81 ಬಾಧೆಗೊಳಗಾದವು. ರೋಗಿಗಳ ಸುಮಾರು 19,000 ಭೇಟಿಗಳು ರದ್ದಾದವೆಂದು ಅಂದಾಜು. ಎಲ್ಲರೂ ಮುದಿ ಎಕ್ಸ್‌ಪಿಯನ್ನು ಶಪಿಸಿದರು. ಆದರೆ ಅಲ್ಲಿ ಸೋಂಕು ತಗಲಿದ ಬಹುಪಾಲು ಗಣಕಗಳಲ್ಲಿದ್ದುದು ವಿಂಡೋಸ್ 7. ಆ ಪರಿಹಾರವನ್ನು ಅಳವಡಿಸಿರಲಿಲ್ಲ, ಅಷ್ಟೆ.

ಆದುದರಿಂದ ಮೊದಲು ಕೆಲವೇ ಗಣಕಗಳಲ್ಲಿ ಪರೀಕ್ಷಿಸಿ, ಬಳಿಕ ವಿಭಾಗ ವಿಭಾಗವಾಗಿ, ತಡಮಾಡದೆ ಹಂಚುತ್ತೇವೆ. ಬದಲಿಸಲಾಗದ ಯಂತ್ರವನ್ನೋ, ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಊರಾಚೆ ಗುಡಿಸಲು ಹಾಕಿಕೊಂಡಂತೆ, ಮುಖ್ಯ ಜಾಲದಿಂದ ದೂರವಿರಿಸುತ್ತೇವೆ.