ಲಿವರ್ ಕಾಯಿಲೆ: ಗುಮಾನಿ ಬಿಡೋಣ, ಪರೀಕ್ಷೆ ಮಾಡಿಸೋಣ

(ಜುಮಾ ಖುತ್‌ಬಾದ ಸಾರಾಂಶ)

ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಂ ಹೇಳಿ ಆರಂಭಿಸುತ್ತೇನೆ.

ಸಹೋದರರೇ, ಕಳೆದ ತಿಂಗಳು ನಮ್ಮ ಮೊಹಲ್ಲಾದ ಒಬ್ಬ ಸಹೋದರರ ಜನಾಝ ನಮಾಝ್ ಇದೇ ಮಸೀದಿಯಲ್ಲಿ ನಡೆಯಿತು. ವಯಸ್ಸು ನಲವತ್ತು ದಾಟಿರಲಿಲ್ಲ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಅರಶಿನದಂತಾಗಿತ್ತು. ಅಂದು ಮಸೀದಿಯ ಅಂಗಳದಲ್ಲಿ ಇಬ್ಬರು ಮಾತನಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಗುಟ್ಟಾಗಿ ಕುಡಿತ ಇತ್ತೋ ಏನೋ, ಇಲ್ಲದಿದ್ದರೆ ಈ ವಯಸ್ಸಿಗೆ ಲಿವರ್ ಹೋಗುತ್ತದಾ?" ಆ ಸಹೋದರರು ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಅವರ ಕಾಯಿಲೆಯ ಕಾರಣ ನನಗೆ ಗೊತ್ತಿತ್ತು. ಆದರೂ ನಾನು ಸುಮ್ಮನಿದ್ದೆ. ಇಂದು ಮಾತನಾಡುತ್ತಿದ್ದೇನೆ, ಏಕೆಂದರೆ ಅವರ ತಾಯಿಯೇ ನನಗೆ ಹೇಳಿ ಕಳಿಸಿದರು: "ಉಸ್ತಾದರೇ, ನನ್ನ ಮಗನ ಮೇಲಿನ ಗುಮಾನಿ ಹೋಗಲಿ, ಇನ್ನೊಬ್ಬ ತಾಯಿಯ ಮಗ ಉಳಿಯಲಿ. ಮಿಂಬರ್ ಮೇಲೆ ನಿಂತು ಹೇಳಿ."

ಹದಿನೈದು ವರ್ಷಗಳ ಹಿಂದೆ ಅವರಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತ್ತು. ವೀಸಾಕ್ಕಾಗಿ ಮೆಡಿಕಲ್ ಮಾಡಿಸಿದಾಗ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕಂಡುಬಂತು. 'ಅನ್‌ಫಿಟ್' ಎಂದು ಬರೆದ ಕಾಗದ ಹಿಡಿದು ನನ್ನ ಬಳಿ ಬಂದರು. ನಾನು ಆಗಷ್ಟೇ ಈ ಊರಿಗೆ ಇಮಾಮನಾಗಿ ಬಂದಿದ್ದೆ. ರಿಝ್ಕ್ ಅಲ್ಲಾಹನ ಕೈಯಲ್ಲಿದೆ, ಊರಲ್ಲೇ ದಾರಿ ತೆರೆಯುತ್ತದೆ ಎಂದು ಸಮಾಧಾನ ಹೇಳಿ, ದುಆ ಮಾಡಿ ಕಳಿಸಿದೆ. ಅವರು ಅಂಗಡಿ ಹಾಕಿದರು, ಮದುವೆಯಾದರು, ಮಕ್ಕಳಾದವು. ಆದರೆ ಅಂದು ನಾವಿಬ್ಬರೂ ವೀಸಾದ ಬಗ್ಗೆ ಮಾತ್ರ ಮಾತನಾಡಿದೆವು, ಕಾಯಿಲೆಯ ಬಗ್ಗೆ ಮಾತನಾಡಲೇ ಇಲ್ಲ. ಡಾಕ್ಟರಿಗೆ ತೋರಿಸಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಮನೆಯವರು ಆ ಕಾಗದವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇದಕ್ಕೆ ನಾಳೆ ಅಲ್ಲಾಹನ ಮುಂದೆ ನಾನೂ ಉತ್ತರ ಕೊಡಬೇಕಾಗಿದೆ.

ಲಿವರ್ ಎಂಬುದು ಮೌನವಾಗಿ ದುಡಿಯುವ ಅಂಗ. ಹಲ್ಲು ಹುಳುಕಾದರೆ ರಾತ್ರಿಯೆಲ್ಲ ನಿದ್ದೆ ಬಿಡಿಸುತ್ತದೆ. ಲಿವರ್ ಹಾಗಲ್ಲ. ವರ್ಷಗಟ್ಟಲೆ ಒಳಗೇ ಗಾಯವಾಗಿ, ಗಾಯ ಒಣಗಿ ಗಂಟುಕಟ್ಟಿ, ಗಟ್ಟಿಯಾಗುತ್ತ ಹೋದರೂ ನೋವು ಕಾಣಿಸುವುದಿಲ್ಲ. ಇದನ್ನೇ ಡಾಕ್ಟರರು ಸಿರೋಸಿಸ್ ಎನ್ನುತ್ತಾರೆ. ಕಣ್ಣು ಹಳದಿಯಾಗಿ, ಕಾಲು ಬಾತು, ಹೊಟ್ಟೆ ಉಬ್ಬುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಕೆಲವರಿಗೆ ಅದು ಕ್ಯಾನ್ಸರ್ ಆಗಿ ತಿರುಗುತ್ತದೆ. ಆದ್ದರಿಂದ 'ನನಗೇನೂ ತೊಂದರೆಯಿಲ್ಲ' ಎಂಬ ಮಾತು ಈ ಕಾಯಿಲೆಯಲ್ಲಿ ಸಾಕ್ಷಿಯಾಗುವುದಿಲ್ಲ. ರಕ್ತ ಪರೀಕ್ಷೆಯೊಂದೇ ಸಾಕ್ಷಿ.

ಇದು ನಮ್ಮ ಒಂದು ಊರಿನ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಆ ಒಂದೇ ವರ್ಷ ಜಗತ್ತಿನಲ್ಲಿ ವೈರಲ್ ಹೆಪಟೈಟಿಸ್‌ನಿಂದ 13 ಲಕ್ಷ ಜನ ಸತ್ತರು. ಮದ್ಯ ಲಿವರನ್ನು ಸುಡುತ್ತದೆ, ಅದು ನಿಜ. ಅದು ಹರಾಮ್ ಎಂಬುದು ನಮಗೆಲ್ಲ ಗೊತ್ತು. ಆದರೆ ಲಿವರ್ ಕಾಯಿಲೆಯೆಂದರೆ ಕುಡುಕರ ಕಾಯಿಲೆ ಎಂಬ ತಿಳುವಳಿಕೆ ತಪ್ಪು. ಈ ತಪ್ಪು ತಿಳುವಳಿಕೆಯೇ ಜನರನ್ನು ಡಾಕ್ಟರ ಬಾಗಿಲಿನಿಂದ ದೂರ ಇಡುತ್ತದೆ.

ಹೆಪಟೈಟಿಸ್ ಬಿ ಹರಡುವುದು ರಕ್ತದಿಂದ, ದಾಂಪತ್ಯ ಸಂಬಂಧದಿಂದ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ. ಹುಟ್ಟುವಾಗಲೇ ಸೋಂಕು ತಗಲಿದ ಶಿಶುಗಳಲ್ಲಿ ಶೇ. 90ರಷ್ಟು ಮಂದಿಯ ದೇಹದಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ಉಳಿಯುವುದು ಶೇ. 5ಕ್ಕಿಂತ ಕಡಿಮೆ ಜನರಲ್ಲಿ. ಅಂದರೆ ಈ ಕಾಯಿಲೆ ಇರುವ ಬಹಳಷ್ಟು ಜನ ಅದನ್ನು ಶೈಶವದಲ್ಲೇ, ಯಾವ ತಪ್ಪೂ ಮಾಡದೆ ಪಡೆದವರು. ಅವರ ಮೇಲೆ ಗುಮಾನಿ ಪಡುವ ಹಕ್ಕು ನಮಗೆ ಯಾರು ಕೊಟ್ಟರು? ಅಲ್ ಹುಜುರಾತ್ ಅಧ್ಯಾಯದ 12ನೆಯ ಸೂಕ್ತದಲ್ಲಿ ಅಲ್ಲಾಹನು ಗುಮಾನಿಯನ್ನೂ, ಇತರರ ಗುಟ್ಟು ಕೆದಕುವುದನ್ನೂ, ಪರದೂಷಣೆಯನ್ನೂ ಒಟ್ಟಿಗೇ ನಿಷೇಧಿಸಿದ್ದಾನೆ. ಆ ಮೂರೂ ಅಂದು ನಮ್ಮ ಮಸೀದಿಯ ಅಂಗಳದಲ್ಲೇ ನಡೆದವು.

ಒಂದೇ ತಟ್ಟೆಯಲ್ಲಿ ಊಟ ಮಾಡಿದರೆ ಈ ಕಾಯಿಲೆ ಹರಡುವುದಿಲ್ಲ. ಸಲಾಂ ಹೇಳಿ ಕೈ ಹಿಡಿದರೆ, ಅಪ್ಪಿಕೊಂಡರೆ, ಹೌಝ್‌ನಲ್ಲಿ ಒಟ್ಟಿಗೆ ವುಝೂ ಮಾಡಿದರೆ, ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಹರಡುವುದಿಲ್ಲ. ಮಯ್ಯಿತ್ ಸ್ನಾನ ಮಾಡಿಸುವವರು ಕೈಗವಸು ಹಾಕಿಕೊಂಡರೆ ಸಾಕು. ಮದುವೆಗೂ ಇದು ಅಡ್ಡಿಯಲ್ಲ. ವಿಷಯ ಮುಚ್ಚಿಡದೆ ಹೇಳಿ, ಸಂಗಾತಿಗೆ ಮೊದಲೇ ಲಸಿಕೆಯ ಪೂರ್ತಿ ಡೋಸ್ ಕೊಡಿಸಬೇಕು. ಮುಚ್ಚಿಡುವುದು ಮಾತ್ರ ಅಮಾನತ್‌ನ ದ್ರೋಹ.

ಎಚ್ಚರ ಬೇಕಾದ ಜಾಗಗಳು ನಮ್ಮ ನಡುವೆಯೇ ಇವೆ. ಅಖೀಕಾದ ದಿನ ಮಗುವಿನ ತಲೆ ಬೋಳಿಸುವ ಬ್ಲೇಡ್ ಹೊಸದೇ? ಸುನ್ನತ್ ಮಾಡಿಸುವಾಗ ಉಪಕರಣ ಶುದ್ಧವಾಗಿದೆಯೇ? ಹಿಜಾಮ ಮಾಡುವವರು ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸುತ್ತಿಲ್ಲ ತಾನೇ? ಹಜ್‌ಗೆ ಹೋಗುವವರು ಮಿನಾದಲ್ಲಿ ತಲೆ ಬೋಳಿಸುವಾಗ ಬ್ಲೇಡ್ ಬದಲಿಸಲು ಹೇಳುತ್ತಾರೆಯೇ? ಸುನ್ನತ್ತನ್ನು ಪಾಲಿಸುವಾಗ ಇನ್ನೊಬ್ಬರ ರಕ್ತ ನಮ್ಮ ಮಗುವಿಗೆ ತಾಗದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ.

ಇಂಥ ಅಜಾಗ್ರತೆಯಿಂದ ಏನಾಗುತ್ತದೆ ಎಂಬುದಕ್ಕೆ ಈಜಿಪ್ಟ್ ಸಾಕ್ಷಿ. 1950ರಿಂದ 1980ರ ದಶಕದವರೆಗೆ ಅಲ್ಲಿ ನೀರಿನಿಂದ ಬರುವ ಒಂದು ಹುಳುರೋಗಕ್ಕೆ ಹಳ್ಳಿ ಹಳ್ಳಿಗಳಲ್ಲಿ ಇಂಜೆಕ್ಷನ್ ಕೊಟ್ಟರು. ಸೂಜಿಗಳನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಲಕ್ಷಾಂತರ ಮನೆಗಳಿಗೆ ನುಗ್ಗಿತು. ಆ ದೇಶ ನಾಚಿಕೊಂಡು ಕೂರಲಿಲ್ಲ. 2018ರ ಅಕ್ಟೋಬರ್‌ನಿಂದ 2019ರ ಏಪ್ರಿಲ್‌ವರೆಗೆ, ಏಳು ತಿಂಗಳಲ್ಲಿ, ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿಸಿ, ಸೋಂಕು ಕಂಡವರಿಗೆ ಉಚಿತ ಮಾತ್ರೆ ಕೊಟ್ಟಿತು. ಹೆಪಟೈಟಿಸ್ ಸಿ ಹನ್ನೆರಡು ವಾರಗಳ ಮಾತ್ರೆಯಲ್ಲಿ ಶೇ. 95ಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ಗುಣವಾಗುತ್ತದೆ. ಒಂದು ದಶಕದ ಹಿಂದೆ ಅಲ್ಲಿ ನೂರಕ್ಕೆ ಹತ್ತು ಜನರಿಗಿದ್ದ ಕಾಯಿಲೆ ಶೇ. 0.38ಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ನಮ್ಮ ದೇಶದಲ್ಲೂ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿದೆ. ಅದರಡಿ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೆಪಟೈಟಿಸ್ ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ದಿನಕ್ಕೊಂದು ಮಾತ್ರೆ ಅದನ್ನು ಹಿಡಿತದಲ್ಲಿಡುತ್ತದೆ. ಎಲ್ಲರಿಗೂ ಮಾತ್ರೆ ಬೇಕೆಂದಿಲ್ಲ. ಯಾರಿಗೆ ಬೇಕು ಎಂಬುದನ್ನು ಡಾಕ್ಟರರು ತಪಾಸಣೆ ಮಾಡಿ ಹೇಳುತ್ತಾರೆ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್, ನಂತರ 6, 10 ಮತ್ತು 14ನೆಯ ವಾರದ ಚುಚ್ಚುಮದ್ದು ತಪ್ಪಿಸಬೇಡಿ. ಈ ಲಸಿಕೆ ಸರಕಾರಿ ಪಟ್ಟಿಯಲ್ಲಿ ದೇಶದಾದ್ಯಂತ ಸೇರಿದ್ದು 2011ರ ಸುಮಾರಿಗೆ. ಆದ್ದರಿಂದ ಇಲ್ಲಿ ಕೂತಿರುವ ದೊಡ್ಡವರಲ್ಲಿ ಬಹುಪಾಲು ಜನ ಅದನ್ನು ಪಡೆದೇ ಇರಲಾರರು.

ಇನ್ನೆರಡು ಮಾತು. ಕಾಮಾಲೆ ಬಂದರೆ ನಾಟಿ ಮದ್ದಿಗೆ ಓಡುವ ರೂಢಿ ನಮ್ಮಲ್ಲಿದೆ. ಕೊಳಕು ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮದ್ದಿಗೆ ಹೋಗುತ್ತದೆ. ಆದರೆ ಯಾವ ಕಾಮಾಲೆ ಎಂದು ತಿಳಿಯದೆ ಮದ್ದು ಕುಡಿಯುತ್ತ ಕೂತರೆ, ದೊಡ್ಡ ಕಾಯಿಲೆ ಒಳಗೇ ಬೆಳೆಯುತ್ತದೆ. ಗರ್ಭಿಣಿಯರಿಗೆ ಕಾಮಾಲೆ ಬಂದರಂತೂ ಒಂದು ದಿನವೂ ತಡಮಾಡಬೇಡಿ, ಹೆಪಟೈಟಿಸ್ ಇ ಅವರ ಜೀವಕ್ಕೇ ಅಪಾಯ. ಎರಡನೆಯದು ಫ್ಯಾಟಿ ಲಿವರ್. ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಕುಡಿಯದಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ಹೊಟ್ಟೆಯ ಮೂರನೆಯ ಒಂದು ಭಾಗ ಮಾತ್ರ ಆಹಾರಕ್ಕೆ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ನಾವು ವಲೀಮಾದ ಬಿರಿಯಾನಿಯ ಮುಂದೆ, ಇಫ್ತಾರ್‌ನ ಸಮೋಸ, ಶರಬತ್ತಿನ ಮುಂದೆ ಮರೆಯುತ್ತೇವೆ. ದೇಹದ ತೂಕ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೂ ಲಿವರ್‌ನ ಊತ ಇಳಿಯಬಲ್ಲದು.

ಬರೆದದ್ದು ಆಗುತ್ತದೆ, ಪರೀಕ್ಷೆ ಏಕೆ ಎಂದು ಕೆಲವರು ಕೇಳುತ್ತಾರೆ. ಶಾಮ್ ಪ್ರದೇಶದಲ್ಲಿ ಪ್ಲೇಗ್ ಇದೆ ಎಂದು ತಿಳಿದಾಗ ಖಲೀಫ ಉಮರ್(ರ) ಸರ್ಗ್ ಎಂಬಲ್ಲಿಂದ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದ(ರ) ಕೇಳಿದಾಗ, ತಾವು ಹೋಗುತ್ತಿರುವುದೂ ಅಲ್ಲಾಹನ ವಿಧಿಯ ಕಡೆಗೇ ಎಂಬ ಅರ್ಥದ ಉತ್ತರ ಕೊಟ್ಟರು. ಕಾಯಿಲೆ ವಿಧಿಯಾದರೆ ಮದ್ದೂ ವಿಧಿಯೇ.

ಆ ಸಹೋದರರ ಮರಣದ ನಂತರ ಮನೆಯವರೆಲ್ಲ ಪರೀಕ್ಷೆ ಮಾಡಿಸಿದರು. ಪತ್ನಿ, ಮಕ್ಕಳಿಗೆ ಸೋಂಕಿಲ್ಲ, ಅಲ್‌ಹಮ್ದುಲಿಲ್ಲಾಹ್. ತಮ್ಮನಲ್ಲಿ ಕಂಡುಬಂತು, ಆದರೆ ಲಿವರ್ ಇನ್ನೂ ಕೆಟ್ಟಿಲ್ಲ. ಈಗ ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಿಮ್ಮ ಮನೆಯ ಕಪಾಟಿನಲ್ಲೂ 'ಅನ್‌ಫಿಟ್' ಎಂದು ಬರೆದ ಹಳೆಯ ಕಾಗದ ಇದ್ದರೆ, ಈ ವಾರವೇ ಹೊರತೆಗೆಯಿರಿ. ಒಬ್ಬರೇ ಹೋಗಲು ಸಂಕೋಚವಾದರೆ ನನ್ನ ಬಳಿ ಬನ್ನಿ. ಈ ಬಾರಿ ದುಆ ಮಾಡಿ ಕಳಿಸುವುದಿಲ್ಲ, ದುಆ ಮಾಡಿ ಜೊತೆಯಲ್ಲೇ ಆಸ್ಪತ್ರೆಗೆ ಬರುತ್ತೇನೆ.

ಅಲ್ಲಾಹನು ಆ ಸಹೋದರರಿಗೆ ಮಗ್ಫಿರತ್ ನೀಡಲಿ, ನಮ್ಮ ನಾಲಗೆಯನ್ನು ಗುಮಾನಿಯಿಂದ ಕಾಪಾಡಲಿ, ರೋಗಿಗಳಿಗೆ ಶಿಫಾ ನೀಡಲಿ, ಅವನು ಕೊಟ್ಟ ದೇಹವೆಂಬ ಅಮಾನತ್ತನ್ನು ಜೋಪಾನ ಮಾಡುವ ತೌಫೀಕ್ ನೀಡಲಿ. ಆಮೀನ್.