ಮುಂದಾಳುಗಳಿಗೆ ಆತ್ಮಾವಲೋಕನ: ನಾಲ್ಕು ತಾಲ್ಲೂಕುಗಳ ಪಾಠ



ಆತ್ಮಾವಲೋಕನವೆಂದರೆ ಏಕಾಂತದಲ್ಲಿ ಕುಳಿತು ತನ್ನ ಗುಣದೋಷಗಳನ್ನು ಎಣಿಸಿಕೊಳ್ಳುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವೈಯಕ್ತಿಕ ಸಾಧನೆಯಲ್ಲಿ ತೊಡಗಿದವರಿಗೆ ಅಷ್ಟು ಸಾಕಾಗಬಹುದು. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗೆ, ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷರಿಗೆ, ಸ್ತ್ರೀಶಕ್ತಿ ಗುಂಪಿನ ಪ್ರತಿನಿಧಿಗೆ, ಚಳವಳಿಯ ಕಾರ್ಯಕರ್ತರಿಗೆ ಅದು ಸಾಲದು. ಅವರು ಕೈಗೊಳ್ಳುವ ತೀರ್ಮಾನದ ಒಳಿತು ಕೆಡುಕುಗಳನ್ನು ಉಣ್ಣುವವರು ಬೇರೆಯವರು. ಆದುದರಿಂದ ಮುಂದಾಳಿನ ಕನ್ನಡಿ ಅವನ ಮನೆಯ ಗೋಡೆಯ ಮೇಲಿಲ್ಲ. ಅವನ ತೀರ್ಮಾನವು ಕಟ್ಟಕಡೆಗೆ ತಲುಪುವ ಅಂಗಳದಲ್ಲಿದೆ.

ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಗಳ ಕೆಳಗೆ ಭತ್ತ ಬೆಳೆಯುವವರಿಗೆ ಈ ಮಾತು ಬೇಗ ತಿಳಿಯುತ್ತದೆ. ತೂಬಿನ ಬಳಿ ನಿಂತವರಿಗೆ ನೀರಿನ ಹಂಚಿಕೆ ಸರಿಯಾಗಿಯೇ ನಡೆಯುತ್ತಿರುವಂತೆ ಕಾಣುತ್ತದೆ. ಕೊನೆಭಾಗದ ಗದ್ದೆಗೆ ನಡೆದು ಹೋದರೆ ಮಾತ್ರ ಸರದಿ ತಪ್ಪಿದ್ದು, ನಡುವೆ ನಾಲೆ ಒಡೆದದ್ದು, ಒಣಗಿದ ಪೈರು ಕಣ್ಣಿಗೆ ಬೀಳುತ್ತವೆ. ನೀರು ಬಳಕೆದಾರರ ಸಂಘದ ಅಧ್ಯಕ್ಷರು ತೂಬಿನಿಂದ ಕೆಳಕ್ಕೆ ನೋಡುವ ಬದಲು ಕೊನೆಯ ಗದ್ದೆಯಿಂದ ಮೇಲಕ್ಕೆ ನಡೆದು ಬರುವ ರೂಢಿ ಮಾಡಿಕೊಂಡರೆ, ಜೊತೆಗೆ ನೀರುಗಂಟಿಯ ಮಾತನ್ನು ಕೇಳಿಸಿಕೊಂಡರೆ, ಯಾವ ತರಬೇತಿಯೂ ಕಲಿಸದ ಪಾಠವನ್ನು ಆ ನಡಿಗೆ ಕಲಿಸುತ್ತದೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಡಿ. ದೇವರಾಜ ಅರಸು ಅವರ ಉದಾಹರಣೆಯನ್ನು ಈ ದೃಷ್ಟಿಯಿಂದ ನೋಡಬೇಕು. ಪದವಿ ಪಡೆದ ಮೇಲೆ ಊರಿಗೆ ಮರಳಿ ಬೇಸಾಯ ಮಾಡಿದ ಅವರು 1972ರಲ್ಲಿ ಮುಖ್ಯಮಂತ್ರಿಗಳಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿ, ಉಳುವವನಿಗೆ ಭೂಮಿಯ ಒಡೆತನ ಪಡೆಯುವ ಹಾದಿಯನ್ನು ತೆರೆಯಿತು. ಮುಂದಾಳಿನ ಅಂತರಂಗವನ್ನು ಅವನ ಭಾಷಣಕ್ಕಿಂತ ಅವನು ಕಟ್ಟಿದ ವ್ಯವಸ್ಥೆಯಲ್ಲಿ ಚೆನ್ನಾಗಿ ಓದಬಹುದು. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕು ಮಟ್ಟದಲ್ಲಿ ಭೂನ್ಯಾಯ ಮಂಡಳಿಗಳು ರಚನೆಯಾದವು. ಅಧಿಕಾರಿಯ ಅಧ್ಯಕ್ಷತೆಯಲ್ಲಿ ಅಧಿಕಾರಿಗಳಲ್ಲದವರೂ ಸದಸ್ಯರಾಗಿ ಕುಳಿತರು. ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೂ ಸ್ಥಾನವಿತ್ತು. ಕಾಗದಪತ್ರಗಳಷ್ಟೇ ಅಲ್ಲದೆ, ಇಂಥ ಹೊಲವನ್ನು ಉಳುತ್ತಿದ್ದವರು ಯಾರೆಂಬ ಊರಿನ ಅರಿವಿಗೂ ಆ ಮಂಡಳಿಯಲ್ಲಿ ಬೆಲೆ ದೊರೆಯಲು ಅವಕಾಶವಾಯಿತು. ಕೇಳುವ ಕೆಲಸವನ್ನು ಆಳುವವರ ಸೌಜನ್ಯಕ್ಕೆ ಬಿಡದೆ ಕಾನೂನಿನೊಳಗೇ ಇರಿಸಿದ್ದು ಅದರ ಹಿರಿಮೆ.

ಆದರೆ ಒಳ್ಳೆಯ ಕಾನೂನಿಗೂ ಕೊನೆಭಾಗವೊಂದು ಇರುತ್ತದೆ. ಗೇಣಿ ಕೊಡುತ್ತಿದ್ದವನು ಅರ್ಜಿ ಹಾಕಬಹುದಿತ್ತು. ಕಾಡಿನೊಳಗೆ ತಲೆಮಾರುಗಳಿಂದ ಬದುಕಿದ ಜೇನುಕುರುಬರು, ಯರವರು ಯಾರಿಗೂ ಗೇಣಿದಾರರಾಗಿರಲಿಲ್ಲ. ಅದೇ ದಶಕದಲ್ಲಿ ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯದ ಹಿನ್ನೀರು ಊರುಗಳನ್ನೂ ಕಾಡನ್ನೂ ಮುಳುಗಿಸಿತು. ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ನಾಗರಹೊಳೆಯ ಹಾಡಿಗಳು ಹೊರಬಂದವು. ಹೈಕೋರ್ಟಿನ ಸೂಚನೆಯಂತೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರ ವರದಿಯಲ್ಲಿ ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿತು. ಅಣೆಕಟ್ಟು ಬೇಕೆಂದವರ ಉದ್ದೇಶವೂ ಹುಲಿಯನ್ನು ಉಳಿಸಬೇಕೆಂದವರ ಉದ್ದೇಶವೂ ಒಳ್ಳೆಯವೇ. ಒಳ್ಳೆಯ ಉದ್ದೇಶವುಳ್ಳವರಿಗೆ ಆತ್ಮಾವಲೋಕನ ಹೆಚ್ಚು ಅಗತ್ಯ; ಏಕೆಂದರೆ ಅವರ ಮನಸ್ಸಾಕ್ಷಿ ಅವರನ್ನು ಚುಚ್ಚುವುದಿಲ್ಲ.

ಕೇಳಿ ಕಲಿತು ತನ್ನ ಕೆಲಸವನ್ನೇ ಬದಲಿಸಿಕೊಂಡ ಸಂಸ್ಥೆಯ ಉದಾಹರಣೆಯೂ ಹೆಗ್ಗಡದೇವನಕೋಟೆಯಲ್ಲಿಯೇ ಇದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಸ್ಥಾಪಿಸಿದರು. 1987ರಲ್ಲಿ ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸಾಲಯ ತೆರೆದರು. ವೈದ್ಯರು ತಂದದ್ದು ಔಷಧಿಯನ್ನು. ಹಾಡಿಯ ಕೊರತೆಗಳಾದರೋ ಔಷಧಿಯಿಂದ ತೀರುವಂಥವಾಗಿರಲಿಲ್ಲ. ಮರುವರ್ಷವೇ ದನದ ಕೊಟ್ಟಿಗೆಯೊಂದರಲ್ಲಿ ಮಕ್ಕಳ ಶಾಲೆ ಆರಂಭವಾಯಿತು. ಮುಂದೆ ಹೊಸಹಳ್ಳಿಯ ಶಾಲೆ, ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆಗಳು ಬೆಳೆದವು. ತಾನು ಕಲಿತು ಬಂದ ವಿದ್ಯೆಯೇ ಎಲ್ಲರ ಕಾಯಿಲೆಗೂ ಮದ್ದು ಎಂಬ ನಂಬಿಕೆಯನ್ನು ಸಡಿಲಿಸುವುದು ವಿದ್ಯಾವಂತ ಮುಂದಾಳಿಗೆ ಅತ್ಯಂತ ಕಷ್ಟದ ಕೆಲಸ. ಬೆಳವಣಿಗೆ ಆರಂಭವಾಗುವುದೂ ಅಲ್ಲಿಂದಲೇ.

ಈಗ ಚಳವಳಿಯ ಮುಂದಾಳುಗಳಿಗೆ ತಟ್ಟುವ ವಿಷಯ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳ ಮಳೆಯಾಶ್ರಿತ ಕೆಂಪುಭೂಮಿಯಲ್ಲಿ ಹೊಗೆಸೊಪ್ಪು ನೆಲೆಯೂರಿದೆ. ಎಲೆಯನ್ನು ಹದಗೊಳಿಸುವ ಐದಾರು ದಿನ ಬ್ಯಾರನ್ನಿನ ಬೆಂಕಿ ಆರುವಂತಿಲ್ಲ. ಅದಕ್ಕೆ ಸೌದೆ ಎಲ್ಲಿಂದಲಾದರೂ ಬರಲೇಬೇಕು. ಮರ ಉಳಿಸಬೇಕೆನ್ನುವವರು ಹೊಗೆಸೊಪ್ಪು ಬಿಡಿ ಎಂದು ಹೇಳುವುದು ನ್ಯಾಯವೇ. ಆದರೆ ಆ ಬೆಳೆಗೆ ಮಂಡಳಿಯ ನೋಂದಣಿಯಿದೆ, ಅದರ ಆಧಾರದ ಮೇಲೆ ಬ್ಯಾಂಕಿನ ಸಾಲವಿದೆ, ಕೊನೆಗೆ ಹರಾಜು ಕಟ್ಟೆಯಿದೆ. ರಾಗಿಗೆ, ಅಲಸಂದೆಗೆ ಅಂತಹ ಸಾಲುಸಾಲು ಆಸರೆಯಿಲ್ಲ. ಬದಲಿಗೆ ಶುಂಠಿಗೆ ಹೋದರೆ ನೀರು, ವಿಷೌಷಧಿ, ಬೆಲೆಯ ಏರಿಳಿತಗಳ ಬೇರೊಂದು ಬಲೆ ಕಾದಿರುತ್ತದೆ. ಬೆಳೆ ಬದಲಿಸುವ ಮೊದಲ ವರ್ಷದ ನಷ್ಟವನ್ನು ಯಾರು ಹೊರುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಉಪದೇಶ ಮಾಡುವ ಮುಂದಾಳು ತೂಬಿನ ಬಳಿ ನಿಂತವನೇ. ಹಾಗೆಯೇ ಬ್ಯಾರನ್ ಉಳ್ಳ ರೈತ ಮುಂದಾಳೂ ಕೇಳಿಕೊಳ್ಳಬೇಕು: ಈ ರಾತ್ರಿ ಉರಿಯುತ್ತಿರುವ ಸೌದೆ ಯಾವ ಗೋಮಾಳದ ಮರ, ಯಾವ ಹಾಡಿಯ ನೆರಳು?

ಇಂತಹ ಪ್ರಶ್ನೆಗಳನ್ನು ಮನಸ್ಸು ಬಂದಾಗ ಕೇಳಿಕೊಂಡರೆ ಸಾಲದು. ಬಿತ್ತನೆಗೆ ಹದ ಇರುವಂತೆ ಅವುಗಳಿಗೂ ಕಾಲ, ಕ್ರಮ ಇರಬೇಕು. ಮೂರು ರೂಢಿಗಳನ್ನು ಯಾವ ಸಂಘವಾದರೂ ಹಾಕಿಕೊಳ್ಳಬಹುದು.

ಮೊದಲನೆಯದು, ಪ್ರತಿ ಸಭೆಯ ನಡಾವಳಿಯಲ್ಲಿ ಬಂದವರ ಹೆಸರಿನ ಜೊತೆಗೆ ಬಾರದವರ ಹೆಸರನ್ನೂ ಬರೆಯುವುದು. ಮೂರು ಸಭೆಗೆ ಬಾರದವರ ಮನೆಗೆ ಅಧ್ಯಕ್ಷರೇ ಹೋಗಿ ಕಾರಣ ಕೇಳಬೇಕು. ಕೂಲಿ ತಪ್ಪುವ ಹೊತ್ತಿನಲ್ಲಿ ಸಭೆ ಕರೆದದ್ದೇ ಕಾರಣವಾಗಿರಬಹುದು.

ಎರಡನೆಯದು, ಸುಗ್ಗಿ ಮುಗಿದ ಮೇಲೆ ವರ್ಷದ ತೀರ್ಮಾನಗಳನ್ನು ಓದಿ, ಯಾರಿಗೆ ಲಾಭ, ಯಾರಿಗೆ ಹೊರೆ ಎಂದು ಸಭೆಯ ಬಾಯಿಂದಲೇ ಹೇಳಿಸುವುದು. ಆ ಹೊತ್ತಿನಲ್ಲಿ ಮುಂದಾಳು ಸಮರ್ಥನೆ ಕೊಡಬಾರದು, ಬರೆದುಕೊಳ್ಳಬೇಕು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಾಡಿಯ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವೆಂದು ಒಪ್ಪಿವೆ. ಕಾನೂನು ಒಪ್ಪಿದ ಮಾತನ್ನು ಸಂಘದ ಸಭೆ ತಳ್ಳಿಹಾಕುವುದು ಸರಿಯಲ್ಲ.

ಮೂರನೆಯದು, ಲೆಕ್ಕದ ಪುಸ್ತಕ, ಬ್ಯಾಂಕಿನ ವ್ಯವಹಾರ, ಕಚೇರಿಯಲ್ಲಿ ಮಾತನಾಡುವ ಕೆಲಸಗಳನ್ನು ಸರದಿಯಂತೆ ಕಿರಿಯರಿಗೂ ಮಹಿಳೆಯರಿಗೂ ಒಪ್ಪಿಸುವುದು. ತಾನಿಲ್ಲದಿದ್ದರೆ ಸಂಘವೇ ನಿಲ್ಲುತ್ತದೆ ಎಂದು ಹೆಮ್ಮೆಪಡುವವನು ತನ್ನ ಸೋಲನ್ನೇ ಗೆಲುವೆಂದು ಹೇಳಿಕೊಳ್ಳುತ್ತಿರುತ್ತಾನೆ.

ವಿದ್ಯಾರ್ಥಿ ಮಿತ್ರರೆ, ನಾಳಿನ ಮುಂದಾಳುಗಳು ನೀವೇ. ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುವಿರಿ, ಕೆಲವರು ಬೇಸಾಯಕ್ಕೆ ಮರಳುವಿರಿ. ಎಲ್ಲಿದ್ದರೂ ನಿಮ್ಮ ತೀರ್ಮಾನ ಎಷ್ಟು ದೂರ ಹರಿದು ಎಲ್ಲಿ ಬತ್ತಿತು ಎಂಬುದನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಬತ್ತಿದ ಜಾಗದಲ್ಲಿ ನಿಂತಿರುವವರನ್ನು ಮಾತನಾಡಿಸಿ. ಅವರು ಹೇಳುವ ಮೊದಲ ಮಾತು ಹಿತವಾಗಿರಲಾರದು. ಅದನ್ನು ಕೇಳಿಯೂ ಮತ್ತೊಮ್ಮೆ ಅಲ್ಲಿಗೆ ಹೋಗುವವರನ್ನೇ ಜನ ತಮ್ಮವರೆಂದು ನಂಬುತ್ತಾರೆ.